ಹಟ್ಟಿಗೆ ಒಯ್ದ ಅನ್ನ

ಫಳ್ನೀರಿನ ನಮ್ಮ ಫ್ಲಾಟಿನ ಹಿಂಬದಿ ಒಂದು ಹಂಚಿನ ಮನೆ, ಪಕ್ಕದಲ್ಲೇ ದನದ ಹಟ್ಟಿ. ಇರುವುದು ಒಂದೇ ದನ. ಅದರ ಹಾಲೇ ಆ ಮನೆಯ ಅಕ್ಕನ ಬದುಕು. ದೇವರಿಗೆ ನೈವೇದ್ಯ ಮಾಡಿ, ಮೊದಲ ಪಾಲು ಅನ್ನವನ್ನು ಆ ದನಕ್ಕೆ ಕೊಟ್ಟ ಮೇಲೆಯೇ ನಾನು ಊಟಕ್ಕೆ ಕೂರುತ್ತಿದ್ದೆ. ಪೇಟೆಯ ನಡುವೆಯೂ ಇಷ್ಟು ಭಾಗ್ಯ ಇಟ್ಟಿದ್ದಾನಲ್ಲ ಎಂದು ಕೈಮುಗಿಯುತ್ತಿದ್ದೆ. ಒಂದು ಹಿಡಿ ಇದ್ದದ್ದು ಒಂದು ಪಾತ್ರೆಯಾಯಿತು. ಫ್ಲಾಟಿನ ಉಳಿದ ಹೆಂಗಸರಿಗೂ ಈ ಪುಣ್ಯ ಹೇಳಿಕೊಟ್ಟವಳು ನಾನೇ.

ದನದ ಹಾಲು ಇಳಿಯಿತು. ಅಕ್ಕ ದನದ ಡಾಕ್ಟರನ್ನು ಕರೆಸಿದರು. ನಾನು ಅನ್ನ ಹಿಡಿದು ಹೋದಾಗ ಆ ಚಿಕ್ಕ ಪ್ರಾಯದ ಡಾಕ್ಟರಮ್ಮ ಕೆಚ್ಚಲಿನ ಹತ್ತಿರ ಸ್ಕ್ಯಾನಿಂಗ್ ಯಂತ್ರ ಒತ್ತಿ ರಕ್ತದ ಓಟ ನೋಡುತ್ತಿದ್ದರು. ಹಾಲಾಗಬೇಕಾದರೆ ಅಲ್ಲಿ ರಕ್ತ ಧಾರಾಳ ಹರಿಯಬೇಕಂತೆ. ಈ ದನಕ್ಕೆ ಅದು ಕಡಿಮೆ. ಹೊಟ್ಟೆಯ ರಸವನ್ನು ಸೂಜಿಯಲ್ಲಿ ತೆಗೆದು ಕಾಗದದ ಪಟ್ಟಿಗೆ ಮುಟ್ಟಿಸಿದರು. ಬರೀ ಹುಳಿ.

"ಹೊಟ್ಟೆ ತುಂಬ ಉಂಟು, ತಿಂದದ್ದು ರಕ್ತಕ್ಕೆ ಸೇರುವುದಿಲ್ಲ. ಒಳಗೆ ಹುಳಿಗೆ ಬೆಂದುಹೋಗಿದೆ. ತಿನ್ನಲಿಕ್ಕೆ ಎಂತ ಕೊಡ್ತೀರಿ ಅಕ್ಕ?"

ಅಕ್ಕ ನನ್ನ ಕಡೆ ನೋಡಲಿಲ್ಲ. "ಹುಲ್ಲು, ಹಿಂಡಿ" ಎಂದರು.

"ಅನ್ನ?"

ಅಕ್ಕ ಬಗ್ಗಿ ದನದ ಹಗ್ಗ ಸರಿಮಾಡತೊಡಗಿದರು. ನನ್ನನ್ನು ಕಾಪಾಡಲು ನೋಡುತ್ತಿದ್ದಾರೆಂದು ಗೊತ್ತಾಗಿ ನೆಲ ಬಿರಿಯಬಾರದೇ ಅನಿಸಿತು.

"ಅನ್ನ ಕೊಡುವುದು ನಾನು" ಎಂದೆ.

ಡಾಕ್ಟರಮ್ಮ ಬೈಯಲಿಲ್ಲ. ದನದ ಹೊಟ್ಟೆಯಲ್ಲಿ ಅನ್ನವೇ ಹುಳಿಯಾಗುವುದು, ಇನ್ನು ಒಂದು ಅಗುಳೂ ಬೇಡ, ಹೀಗೇ ಆದರೆ ದನ ಉಳಿಯುವುದಿಲ್ಲ ಎಂದಷ್ಟೇ ಹೇಳಿ ಔಷಧ ಕೊಟ್ಟು ಹೋದರು. ಮೊದಲೇ ಯಾಕೆ ಹೇಳಲಿಲ್ಲವೆಂದು ಅಕ್ಕನನ್ನು ಕೇಳಿದೆ.

"ದೇವರ ಹೆಸರಲ್ಲಿ ತರ್ತೀರಿ. ಬೇಡ ಅಂತ ಹೇಗೆ ಹೇಳುವುದು ಅಮ್ಮ?"

ಆ ಸಂಜೆ ಫ್ಲಾಟಿನ ಬಾಗಿಲು ಬಾಗಿಲಿಗೆ ಹೋಗಿ ಅನ್ನ ಕೊಡಬೇಡಿ ಎಂದು ಹೇಳಿದೆ. ಎದುರು ಮನೆಯವರು ನಕ್ಕು, ಪುಣ್ಯ ಅಂತ ಹೇಳಿದ್ದೂ ನೀವೇ ಅಲ್ವಾ ಎಂದರು. ಹೌದೆಂದು ತಲೆ ತಗ್ಗಿಸಿ ಬಂದೆ.

ದನ ಈಗ ಮೆಲುಕು ಹಾಕುತ್ತಿದೆ. ಹಾಲು ಮೊದಲಿನಷ್ಟಾಗಿಲ್ಲ. ನಾನು ಕಾಂಪೌಂಡಿನ ಹುಲ್ಲು ಕೊಯ್ದು ಒಯ್ಯುತ್ತೇನೆ. ಮೊನ್ನೆ ಅಕ್ಕ ಮೂಸಿ ನೋಡಿ, "ಇದು ಬೇಡ ಅಮ್ಮ, ಎಂತದೋ ವಾಸನೆ ಉಂಟು" ಎಂದು ಕಟ್ಟನ್ನು ನನ್ನ ಕೈಗೇ ವಾಪಸು ಕೊಟ್ಟರು. ಮುಖ ಕೆಂಪಾಯಿತು. ಆದರೂ, ಅವರ ಬಾಯಲ್ಲಿ ಆ 'ಬೇಡ' ಬಂತಲ್ಲ, ದೇವರು ದೊಡ್ಡವನು.