ಕಟಕಟ ಅಲ್ಲ, ಟಕ್

ನಮ್ಮ ಅತ್ತೆಯನ್ನು ಬೀದಿಯವರೆಲ್ಲ ಫ್ಯಾನಮ್ಮ ಎನ್ನುತ್ತಾರೆ. ಅತ್ತೆ ಎಂದರೆ ಅಪ್ಪನ ಅಕ್ಕ. ಕಂಪ್ಯೂಟರ್ ರಿಪೇರಿ ಮಾಡುವ ಹೆಂಗಸಿಗೆ ಆ ಹೆಸರು ಹೇಗೆ ಬಂತು ಎಂದು ಹೊಸಬರು ಕೇಳುತ್ತಾರೆ. ಮೊದಲು ಅವರು ಸೀಲಿಂಗ್ ಫ್ಯಾನ್ ಮಾಡುವ ಕಾರ್ಖಾನೆಯಲ್ಲಿದ್ದರು. ಅಲ್ಲಿ ಹೊರಗಿನ ಸದ್ದು ಬರದಂತೆ ಗೋಡೆಗೆಲ್ಲ ದಪ್ಪ ಸ್ಪಂಜು ಹೊಡೆದ ಒಂದು ಕೋಣೆ ಇತ್ತು. ತಯಾರಾದ ಫ್ಯಾನುಗಳನ್ನು ಒಂದೊಂದಾಗಿ ಅಲ್ಲಿ ತೂಗುಹಾಕಿ ತಿರುಗಿಸುತ್ತಿದ್ದರು. ಅತ್ತೆ ಕೆಳಗೆ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕುಳಿತು ಕೇಳಬೇಕು. ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ.

“ಕಣ್ಣು ಮುಚ್ಕೊಂಡು ಸಂಬಳ ತಗೊಳ್ಳೋಳು ನೀನೊಬ್ಳೇ ಕಣೆ” ಎಂದು ಜೊತೆಯವರು ರೇಗಿಸುತ್ತಿದ್ದರಂತೆ.

ಕಾರ್ಖಾನೆ ಮುಚ್ಚಿದ ಮೇಲೆ ಅತ್ತೆ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಧೂಳು ಒರೆಸುವ ಕೆಲಸಕ್ಕೆ ಸೇರಿದರು. ಬಿಚ್ಚುವುದನ್ನೂ ಜೋಡಿಸುವುದನ್ನೂ ಅಲ್ಲೇ ನೋಡಿ ಕಲಿತರು. ಆಮೇಲೆ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಸ್ವಂತ ಮೇಜು ಹಾಕಿಕೊಂಡರು. ಬಣ್ಣ ಹಚ್ಚುವ ಬ್ರಷ್ಷು, ಸ್ಕ್ರೂಗಳನ್ನು ಹಾಕಿಡುವ ಡಬ್ಬಿ ಮುಚ್ಚಳಗಳು, ಕತ್ತು ಬಗ್ಗಿಸುವ ದೀಪ, ಇಷ್ಟೇ ಅವರ ಅಂಗಡಿ. ಸ್ಕ್ರೂಡ್ರೈವರಿನ ತುದಿಯನ್ನು ಕಂಪ್ಯೂಟರಿನ ಪೆಟ್ಟಿಗೆಗೆ ಒತ್ತಿ ಹಿಡಿಯನ್ನು ಕಿವಿಗಿಟ್ಟುಕೊಂಡು ಕೇಳುತ್ತಾರೆ. ಡಾಕ್ಟರ್ ಎದೆ ನೋಡಿದ ಹಾಗೆ ಕಾಣುತ್ತದೆ.

ಮನೆ ಕಂಪ್ಯೂಟರ್ ಏನೋ ಶಬ್ದ ಮಾಡುತ್ತಿದೆ ಎಂದು ಫೋನ್ ಬಂದರೆ ಅತ್ತೆ ಕೇಳುವುದು ಒಂದೇ ಮಾತು: “ಹೇಗೆ ಬರುತ್ತೆ ಅಂತ ಬಾಯಲ್ಲಿ ಮಾಡಿ ತೋರಿಸಿ.” ಫೋನನ್ನು ಪೆಟ್ಟಿಗೆಯ ಹತ್ತಿರ ಹಿಡಿದರೆ ಸುಯ್ ಎಂಬುದಷ್ಟೇ ಕೇಳುತ್ತದೆ, ಅದರಿಂದ ಏನೂ ತಿಳಿಯದು. ಬಾಯಲ್ಲಿ ಮಾಡಿದರೆ ಅತ್ತೆಗೆ ಅರ್ಧ ಕೆಲಸ ಮುಗಿದಂತೆ. ಒಮ್ಮೆ ಒಬ್ಬ ವಕೀಲರು ಸಿಟ್ಟಾದರು.

“ಏನಮ್ಮ, ನಾನೊಬ್ಬ ವಕೀಲ.”

“ಇರ್ಲಿ ಸಾರ್, ಕೋರ್ಟಲ್ಲಿ ಮಾಡಿ ಅಂತಿಲ್ವಲ್ಲ.”

ಬಾಗಿಲು ಹಾಕಿಕೊಂಡದ್ದು ಕೇಳಿಸಿತು. ಆಮೇಲೆ ಸಣ್ಣದಾಗಿ “ಗುರ್ರ್ರ್” ಎಂದರು. ಬಾಗಿಲಾಚೆ ಮಗುವೊಂದು “ಅಜ್ಜಿ, ಅಜ್ಜ ನಾಯಿ ಆಗಿದಾರೆ!” ಎಂದು ಕೂಗಿತು.

ಗುರ್ರ್ ಎಂದರೆ ಫ್ಯಾನಿನ ರೆಕ್ಕೆಗೆ ಧೂಳು ಕಟ್ಟಿದೆ. ಕಿರ್ರ್ ಎಂದರೆ ಬೇರಿಂಗ್ ಒಣಗಿದೆ. ಕಟಕಟ ಎಂದು ಬಿಡುವಿಲ್ಲದೆ ಬಂದರೆ ಒಳಗೆ ಯಾವುದೋ ವೈರು ರೆಕ್ಕೆಗೆ ತಾಗುತ್ತಿದೆ. ಇವು ಯಾವುವೂ ಭಯಪಡುವಂಥವಲ್ಲ. ಟಕ್ ಎಂದು ಒಂದು ಸಲ ಬಂದು, ಸ್ವಲ್ಪ ಬಿಟ್ಟು ಮತ್ತೆ ಟಕ್ ಎಂದರೆ ಮಾತ್ರ ಬೇರೆ. ಅದು ಹಾರ್ಡ್ ಡಿಸ್ಕ್. ಎಲ್ಲವನ್ನೂ ಬರೆದಿಟ್ಟುಕೊಳ್ಳುವ ಭಾಗ ಅದು. ಅದರೊಳಗೆ ಕನ್ನಡಿಯಂಥ ತಟ್ಟೆ ತಿರುಗುತ್ತಿರುತ್ತದೆ. ಅದರ ಮೇಲೆ, ತಾಗಿತೋ ಇಲ್ಲವೋ ಎನ್ನುವಷ್ಟು ಹತ್ತಿರದಲ್ಲಿ, ಒಂದು ಸಣ್ಣ ತೋಳು ಓಡಾಡುತ್ತಾ ಓದುತ್ತದೆ. ತೋಳಿಗೆ ದಾರಿ ಸಿಗದಿದ್ದರೆ ಹಿಂದಕ್ಕೆ ಬಂದು ಟಕ್ ಎಂದು ಬಡಿಯುತ್ತದೆ, ಮತ್ತೆ ಹೋಗುತ್ತದೆ. ಓಡಿಸಿದಷ್ಟೂ ತಟ್ಟೆ ಗೀಚಿಕೊಂಡು ಹೋಗುತ್ತದೆ. ಆ ಶಬ್ದ ಕೇಳಿದರೆ ಅತ್ತೆ ಎರಡನೆಯ ಪ್ರಶ್ನೆ ಕೇಳುವುದಿಲ್ಲ. “ಸ್ವಿಚ್ ಆರಿಸಿ, ಮುಟ್ಟಬೇಡಿ, ಬರ್ತಾ ಇದೀನಿ” ಎಂದು ಚಪ್ಪಲಿ ಮೆಟ್ಟುತ್ತಾರೆ.

ಹಿಂದಿನ ಬೀದಿಯ ಮಹಡಿ ಮನೆಯಲ್ಲಿ ಒಬ್ಬ ಬಸ್ ಕಂಡಕ್ಟರ್ ಇದ್ದರು. ಅವರ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು, ಬೀದಿಗೆಲ್ಲ ಟೈಲರಮ್ಮ. ಕಂಡಕ್ಟರಿಗೆ ಗಂಟಲಲ್ಲಿ ಗಡ್ಡೆಯಾಯಿತು. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಆಪರೇಷನ್ನಿಗೆ ಮುಂಚೆ ದಿನಬಳಕೆಯ ಮಾತುಗಳನ್ನೆಲ್ಲ ಸ್ವಂತ ಧ್ವನಿಯಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ ಎಂದು ಆಸ್ಪತ್ರೆಯಲ್ಲಿ ಮಾತು ಕಲಿಸುವಾಕೆ ಹೇಳಿಕೊಟ್ಟರು. ಅದಕ್ಕೆ ಬೇಕಾದ ಮೈಕು, ಪರದೆಯ ಮೇಲಿನ ಚೌಕಗಳು, ಎಲ್ಲವನ್ನೂ ಜೋಡಿಸಿಕೊಟ್ಟದ್ದು ಅತ್ತೆ. ಒಂದು ಚೌಕ ಒತ್ತಿದರೆ ಒಂದು ಮಾತು.

ಕಂಡಕ್ಟರರ ಧ್ವನಿ ಆಗಲೇ ಒಡೆದಿತ್ತು. ಆದರೂ ಕುಳಿತು ಹೇಳಿದರು: ಹಸಿವಾಗ್ತಿದೆ. ಬಾಗಿಲು ಹಾಕು. ನೋಯ್ತಿದೆ. ಉಪ್ಪು ಕಮ್ಮಿ. ಬಂದವರನ್ನು ನಗಿಸಲಿಕ್ಕೆ, ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ. ಆದರೆ ಎಲ್ಲಕ್ಕಿಂತ ಮೊದಲು ರೆಕಾರ್ಡ್ ಮಾಡಿದ್ದು “ಏ ಇವಳೇ”. ಮದುವೆಯಾದಾಗಿನಿಂದ ಅವರು ಹೆಂಡತಿಯನ್ನು ಕರೆಯುತ್ತಿದ್ದದ್ದೇ ಹಾಗೆ.

“ಅದನ್ಯಾಕ್ರೀ ಹಿಡಿದಿಡ್ತೀರಿ? ಬೈದ ಹಾಗಿದೆ” ಎಂದರು ಹೆಂಡತಿ.

“ಮತ್ತೆ ಹೇಗೆ ಕರೀಲಿ? ಟಿಕೆಟ್ ಅಂತ ಕರೀಲಾ?”

ಅದೊಂದನ್ನೇ ಬೇರೆ ಬೇರೆ ಥರ ಹೇಳಿಟ್ಟರು. ಅವಸರದ್ದು, ಸಿಟ್ಟಿನದ್ದು, ಪಕ್ಕದಲ್ಲಿ ಕುಳಿತವರನ್ನು ಕರೆಯುವಂಥ ಮೆಲ್ಲನೆಯದ್ದು. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಮುಂದಿನ ಕೋಣೆಯಿಂದ ಅದು ಕೇಳಿದರೆ ಸಾಕು, ಆಕೆ ಹೊಲಿಗೆ ಬಿಟ್ಟು ಎದ್ದು ಬರುತ್ತಿದ್ದರು. ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿಡೋಣ ಎಂದು ಅತ್ತೆ ಹೇಳಿದ್ದರು. ಇವತ್ತು ನಾಳೆ ಎನ್ನುತ್ತಾ ಅದು ಹಾಗೇ ಉಳಿಯಿತು.

ಇನ್ನು ಮುಂದಿನದನ್ನು ಅತ್ತೆ ಹೇಳಿದ ಹಾಗೆಯೇ ಬರೆಯುತ್ತೇನೆ. ಒಂದು ಬೆಳಿಗ್ಗೆ ಟೈಲರಮ್ಮನ ಫೋನ್ ಬಂತು.

“ಅಕ್ಕಾ, ಇವರ ಕಂಪ್ಯೂಟರ್ ಏನೋ ಸದ್ದು ಮಾಡ್ತಿದೆ.”

“ಹೇಗೆ? ಬಾಯಲ್ಲಿ ಮಾಡಿ.”

“ಅಯ್ಯೋ, ನಂಗೆ ಬರಲ್ಲಕ್ಕಾ, ನಗು ಬರುತ್ತೆ. ನನ್ನ ಹೊಲಿಗೆ ಮಿಷನ್ನಿಗೆ ಎಣ್ಣೆ ಕಮ್ಮಿ ಆದ್ರೆ ಬರುತ್ತಲ್ಲ, ಹಾಗೆ. ಕಟಕಟ ಅಂತ.”

“ಬಿಡದೆ ಬರುತ್ತಾ? ಬಿಟ್ಟು ಬಿಟ್ಟು ಬರುತ್ತಾ?”

ಟೈಲರಮ್ಮ ಏನೋ ಹೇಳಿದರು. ಆದರೆ ಅದೇ ಹೊತ್ತಿಗೆ ಫೋನಿನ ಹತ್ತಿರವೇ ಯಾರೋ ಮೇಜನ್ನು ಬೆರಳ ಗಂಟಿನಿಂದ ಕುಟ್ಟುತ್ತಿದ್ದರು. ಮಾತು ಸರಿಯಾಗಿ ಕೇಳಲಿಲ್ಲ.

“ಅದ್ಯಾರು ಅಲ್ಲಿ ಮೇಜು ಕುಟ್ತಿರೋದು? ಸ್ವಲ್ಪ ನಿಲ್ಸೋಕೆ ಹೇಳಿ, ಏನೂ ಕೇಳಿಸ್ತಿಲ್ಲ.”

“ಇವರೇ ಅಕ್ಕಾ. ರೀ, ಸುಮ್ನಿರ್ರೀ, ಮಾತಾಡ್ತಿದೀನಲ್ಲ!”

ಕುಟ್ಟುವುದು ನಿಂತಿತು.

“ಹಾಂ, ಈಗ ಹೇಳಿ.”

“ಅದೇ, ಕಟಕಟ ಕಟಕಟ.”

“ವೈರು ತಾಗ್ತಿರಬೇಕು, ಗಾಬರಿ ಬೇಡ. ಪಕ್ಕದ ತಗಡು ಬಿಚ್ಚಿ ವೈರುಗಳನ್ನ ಈಚೆಗೆ ಸರಿಸಿ. ಆನ್ ಇಟ್ಟೇ ನೋಡ್ತಿರಿ, ಸದ್ದು ನಿಲ್ಲುತ್ತಾ ಅಂತ. ಕೈಲಿರೋ ಕೆಲಸ ಮುಗಿಸ್ಕೊಂಡು ಬರ್ತೀನಿ.”

ಅತ್ತೆ ಹೇಳಿದ ಹಾಗೆ ಟೈಲರಮ್ಮ ಮಾಡಿದರು. ಸದ್ದು ನಿಲ್ಲಲಿಲ್ಲ. ಕಂಡಕ್ಟರ್ ಸ್ವಿಚ್ಚಿನ ಕಡೆ ಕೈ ಚಾಚಿದಾಗ ಆಕೆ ತಡೆದರು. ಅವರು ಮಾತಿಗೆ ಬದಲಾಗಿ ಇಟ್ಟುಕೊಂಡಿದ್ದ ಸ್ಲೇಟಿನ ಮೇಲೆ ‘ಫ್ಯಾನ್ ಅಲ್ಲ’ ಎಂದು ಬರೆದು ತೋರಿಸಿದರು.

“ಫ್ಯಾನ್ ಅಲ್ಲ ಅಂದ್ರೆ? ಫ್ಯಾನಮ್ಮನೇ ಹೇಳಿದಾರೆ, ನಿಮಗೇನ್ರೀ ಗೊತ್ತು? ಆನ್ ಇರ್ಲಿ ಅಂದಿದಾರೆ.”

ಅವರು ಬರೆದದ್ದನ್ನು ಅಂಗೈಯಿಂದ ಒರೆಸಿ ಸ್ಲೇಟನ್ನು ಕೆಳಗಿಟ್ಟರು.

ಅತ್ತೆ ಊಟ ಮಾಡಿಕೊಂಡು ನಿಧಾನವಾಗಿಯೇ ಹೋದರು. ಆ ಮನೆಯ ಮೆಟ್ಟಿಲು ಅರ್ಧಕ್ಕೆ ತಿರುಗುವ ಕಡೆ ಅವರಿಗೆ ಸದ್ದು ಕೇಳಿತು. ಟಕ್. ಸ್ವಲ್ಪ ಬಿಟ್ಟು, ಟಕ್. ಬೆಳಿಗ್ಗೆ ಫೋನಿನಲ್ಲಿ ಕೇಳಿದ ಮೇಜಿನ ಸದ್ದಿನ ನಡಿಗೆಯೇ ಅದಕ್ಕಿತ್ತು. ಆ ಮನುಷ್ಯ ಬಾಯಲ್ಲಿ ಮಾಡಿ ತೋರಿಸಲಾಗದೆ ಕೈಯಲ್ಲಿ ಮಾಡಿ ತೋರಿಸಿದ್ದ. ಅತ್ತೆ ಚಪ್ಪಲಿ ಸಹಿತ ಒಳಗೆ ಓಡಿ ಪ್ಲಗ್ಗನ್ನು ಎಳೆದು ಹಾಕಿದರು. ಕಂಡಕ್ಟರ್ ಕುರ್ಚಿಯಲ್ಲಿ ಕುಳಿತೇ ಇದ್ದರು. ಅತ್ತೆಯ ಮುಖವನ್ನು ಒಮ್ಮೆ ನೋಡಿ ಕಿಟಕಿಯ ಕಡೆ ತಿರುಗಿದರು.

ಅತ್ತೆ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದರು. ಅದನ್ನು ಬೇರೊಂದು ಕಂಪ್ಯೂಟರಿಗೆ ಸೇರಿಸಿ, ಸ್ವಲ್ಪ ಓದಿಸಿ, ನಿಲ್ಲಿಸಿ, ಆರಲು ಬಿಟ್ಟು, ಮತ್ತೆ ಸ್ವಲ್ಪ ಓದಿಸುತ್ತಿದ್ದರು. ಆ ದಿನಗಳಲ್ಲಿ ಮನೆಯಲ್ಲಿ ಯಾರೂ ರೇಡಿಯೊ ಹಾಕುವಂತಿರಲಿಲ್ಲ. ಅಪ್ಪ ಕೆಮ್ಮು ಬಂದರೆ ಹಿತ್ತಲಿಗೆ ಹೋಗುತ್ತಿದ್ದರು. ಒಂದೊಂದು ಮಾತು ಸಿಕ್ಕಾಗಲೂ ಅತ್ತೆ ಅದನ್ನು ಒಮ್ಮೆ ಕೇಳಿಸಿಕೊಂಡು ಪಕ್ಕಕ್ಕಿಡುತ್ತಿದ್ದರು. ಎಲ್ಲೋ ಕೆಲವು ಸಿಕ್ಕವು. ಕೊನೆಗೆ ಟಕ್ ಎನ್ನುವುದೂ ನಿಂತುಹೋಯಿತು. ಇಂಥ ಡಿಸ್ಕುಗಳನ್ನು ತೆರೆದು ನೋಡುವ ದೊಡ್ಡ ಲ್ಯಾಬಿಗೆ ಕಳಿಸಿದರು. ತಟ್ಟೆ ಪೂರ್ತಿ ಗೀಚಿಹೋಗಿದೆ, ಇನ್ನೇನೂ ಬರುವುದಿಲ್ಲ ಎಂದು ಅದು ಹಿಂದಕ್ಕೆ ಬಂತು.

ಸಿಕ್ಕಷ್ಟನ್ನು ಹೊಸ ಡಿಸ್ಕಿಗೆ ಹಾಕಿಕೊಂಡು ಅತ್ತೆ ಆ ಮನೆಗೆ ಹೋದರು. ಟೈಲರಮ್ಮ ಬಾಗಿಲಲ್ಲೇ ಕೇಳಿದರು.

“ನನ್ನ ಕರೆಯೋದು ಸಿಕ್ತಾ ಅಕ್ಕಾ?”

“ಇಲ್ಲ.”

“ಮೂರ್ನಾಲ್ಕು ಇದ್ವಲ್ಲ. ಒಂದೂ ಇಲ್ವಾ?”

“ಒಂದೂ ಇಲ್ಲಮ್ಮ.”

ಟೈಲರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತರು. “ನಾನು ವೈರು ಎಳೆದಾಗಲೇ ಏನೋ ಆಗಿರಬೇಕು. ನನ್ನ ಕೈಯೇ ಸರಿಯಿಲ್ಲ. ಬಟ್ಟೆ ಹೊಲಿಯೋ ಕೈಯಲ್ಲಿ ಅದನ್ನೆಲ್ಲ ಮುಟ್ಟಬಾರದಿತ್ತು.”

ಅತ್ತೆ ಸುಮ್ಮನಿದ್ದಿದ್ದರೆ ಆಕೆ ಬದುಕಿರುವವರೆಗೂ ಹಾಗೆಯೇ ನಂಬಿಕೊಂಡಿರುತ್ತಿದ್ದರು. ಅತ್ತೆ ಸುಮ್ಮನಿರಲಿಲ್ಲ.

“ನಿಮ್ಮ ಕೈಯಿಂದ ಏನೂ ಆಗಿಲ್ಲ. ಅದು ಮೊದಲೇ ಕೆಟ್ಟಿತ್ತು. ತಕ್ಷಣ ಆರಿಸಿದ್ದಿದ್ರೆ ಬಹಳಷ್ಟು ಉಳೀತಿತ್ತು. ಯಾವ ಸದ್ದು ಅಂತ ನಿಮ್ಮೆಜಮಾನ್ರು ಅವತ್ತು ಮೇಜು ಕುಟ್ಟಿ ತೋರಿಸಿದ್ರು. ನಾನೇ ನಿಲ್ಸಿ ಅಂದೆ. ಆನ್ ಇಡಿ ಅಂದೋಳೂ ನಾನೇ.”

ಟೈಲರಮ್ಮ ಗಂಡನ ಕಡೆ ನೋಡಿದರು.

“ಸ್ವಿಚ್ಚಿಗೆ ಕೈ ಹಾಕಿದ್ರು. ನಾನು ತಡೆದೆ” ಎಂದರು ಆಕೆ. ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಚ್ಚುತ್ತಾ ಮತ್ತೆ ಹೇಳಿದರು: “ಬಾಯಿರೋರಿಬ್ರು ಸೇರಿ ಬಾಯಿಲ್ಲದವರನ್ನ ಸುಮ್ನಿರ್ಸಿದ್ವಿ.”

ಅತ್ತೆ ಹೊಸ ಡಿಸ್ಕ್ ಹಿಡಿದು ಒಳಗೆ ಹೋಗಿ ಕೆಲಸಕ್ಕೆ ಕುಳಿತರು. ಟೈಪ್ ಮಾಡಿದ್ದನ್ನು ಓದಿ ಹೇಳುವ ಯಂತ್ರದ ಧ್ವನಿಯೊಂದನ್ನು ಅವರು ತಂದಿದ್ದರು. ಇರಲಿ, ಏನೂ ಇಲ್ಲದ್ದಕ್ಕಿಂತ ವಾಸಿ ಎಂದುಕೊಂಡು ಅದನ್ನು ಹಾಕಿದರು. ಕಂಡಕ್ಟರ್ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಸ್ಪೀಕರಿನಿಂದ ಒಬ್ಬ ಯುವಕನ ಸ್ವಚ್ಛವಾದ ಧ್ವನಿ ಬಂತು. ಅದರಲ್ಲಿ ಅವಸರವಿಲ್ಲ, ಸಿಟ್ಟಿಲ್ಲ, ಏನೂ ಇಲ್ಲ. “ಏ ಇವಳೇ.”

ಅಡುಗೆಮನೆಗೆ ಹೋಗಿದ್ದ ಟೈಲರಮ್ಮ ಹೊರಗೆ ಬಂದರು. ಗಂಡನ ಹತ್ತಿರ ಹೋಗದೆ ಅತ್ತೆಯ ಎದುರು ನಿಂತರು.

“ಅದನ್ನ ತೆಗೀರಿ ಅಕ್ಕಾ. ಮನೆಗೆ ಯಾರೋ ಗಂಡಸು ನುಗ್ಗಿದ ಹಾಗಾಯ್ತು.”

“ಸ್ವಲ್ಪ ದಿನ ಕೇಳಿದ್ರೆ ರೂಢಿ ಆಗುತ್ತೆ...”

“ಆ ಧ್ವನಿಗೆ ನಾನು ಓಗೊಡಲ್ಲ. ಇವರು ಬಿದ್ದು ಹೋಗ್ತಿದ್ರೂ ಓಗೊಡಲ್ಲ. ತೆಗೀರಿ.”

ಆಕೆ ಒಳಗೆ ಹೋದರು. ಕಂಡಕ್ಟರ್ ಮೌಸನ್ನು ತಮ್ಮ ಕಡೆ ಎಳೆದುಕೊಂಡು ತಾವೇ ಅದನ್ನು ಮುಚ್ಚಿದರು. ಪರದೆಯ ಮೇಲೆ ಈಗ ಬಹುಪಾಲು ಚೌಕಗಳು ಖಾಲಿ. ಮಾತಿದ್ದ ಕೆಲವು ಚೌಕಗಳ ಮೇಲೆ ಬಾಣವನ್ನು ಆಡಿಸುತ್ತಾ ಸ್ವಲ್ಪ ಹೊತ್ತು ಕುಳಿತರು. ಆಮೇಲೆ ಒಂದನ್ನು ಒತ್ತಿದರು. ಒಡೆದ ಧ್ವನಿಯಲ್ಲಿ, ಊಟಕ್ಕೆ ಕುಳಿತವರು ಗೊಣಗುವ ಹಾಗೆ, “ಉಪ್ಪು ಕಮ್ಮಿ” ಎಂದು ಬಂತು.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಆಕೆ ಬರಲಿಲ್ಲ.

ಅವರು ಮತ್ತೆ ಒತ್ತಿದರು. “ಉಪ್ಪು ಕಮ್ಮಿ.”

ಟೈಲರಮ್ಮ ಒದ್ದೆ ಕೈಯನ್ನು ಒರೆಸಿಕೊಳ್ಳದೆ ಬಂದು ಗಂಡನ ಕುರ್ಚಿಯ ಪಕ್ಕ ನಿಂತರು. ಏನು ಬೇಕು ಎಂದು ಕೇಳಲಿಲ್ಲ. ಅವರೂ ಏನನ್ನೂ ತೋರಿಸಲಿಲ್ಲ. ಅತ್ತೆ ಸ್ಕ್ರೂಡ್ರೈವರುಗಳನ್ನು ಚೀಲಕ್ಕೆ ತುಂಬಿ, ಹೋಗಿ ಬರುತ್ತೇನೆ ಎಂದರು. ಬಾಗಿಲನ್ನು ತಾವೇ ಎಳೆದುಕೊಂಡು ಮೆಟ್ಟಿಲಿಳಿದರು.