ನನ್ನ ತೋಳಿಗೂ ದಾಕು

ಹಲಸೂರಿನಲ್ಲಿ ಸಿಡುಬಿನ ದಾಕು ಹಾಕುವ ಕೆಲಸಕ್ಕೆ ಸೇರಿದ ಹೊಸದರಲ್ಲಿ, ನನ್ನ ಮಾತಿಗೆ ಒಪ್ಪದ ತಾಯಿಯೇ ಇಲ್ಲ ಎಂದು ಜಂಬ ಕೊಚ್ಚುತ್ತಿದ್ದೆ. ಒಬ್ಬಾಕೆ ಮಾತ್ರ ಆರು ತಿಂಗಳ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು, “ದೇವರಿಗೆ ಮುಡಿ ಕೊಟ್ಟ ಮೇಲೆ ಹಾಕಿಸ್ತೀವಿ, ಹೋಗಪ್ಪ” ಎಂದಳು.

“ಪಕ್ಕದ ಬೀದೀಲೇ ಸಿಡುಬು ಬಂದಿದೆ ಕಣಮ್ಮ. ಅದು ಅಲ್ಲೀವರೆಗೂ ಕಾಯುತ್ತಾ?”

“ಹಾಗಾದ್ರೆ ನಿನ್ನ ತೋಳು ತೋರಿಸು, ಕಲೆ ನೋಡೋಣ.”

ಕಲೆ ಎಲ್ಲಿಂದ ಬರಬೇಕು? ನಮ್ಮೂರಿಗೆ ದಾಕಿನವರು ಬಂದಾಗಲೆಲ್ಲ ನಾನು ಹುಣಸೆಮರದ ತುದಿಯಲ್ಲಿರುತ್ತಿದ್ದೆ. ಅಷ್ಟು ಎತ್ತರ ಹತ್ತುವವನು ಊರಿನಲ್ಲೇ ಇನ್ನೊಬ್ಬನಿರಲಿಲ್ಲ. ಆಕೆಯ ಎದುರಿಗೇ ನಾನು ಹಾಕಿಕೊಂಡೆ. ಆಕೆ ಸೆರಗು ಸರಿಸಿ ಕೂಸಿನ ತೋಳು ಮುಂದೆ ಹಿಡಿದಳು; ಸೂಜಿ ಮತ್ತೆ ಕಾಯಿಸಿ ಅದಕ್ಕೂ ಹಾಕಿದೆ.

ಎಂಟನೆಯ ದಿನ ಕೂಸಿಗೆ ದಾಕು ಹತ್ತಿ ಗುಳ್ಳೆ ಎದ್ದಿದೆಯೇ ಎಂದು ನೋಡಲು ಹೋದೆ. ಎದ್ದಿತ್ತು, ಕೂಸು ನಗುತ್ತಿತ್ತು. ದಾಕಿನ ಜ್ವರದಿಂದ ನಡುಗುತ್ತಿದ್ದ ನನಗೆ ಆಕೆ ಗಂಜಿ ಕೊಟ್ಟಳು.

ಏನೇ ಆಗಲಿ, ಒಪ್ಪದ ತಾಯಿಯಿಲ್ಲ ಎಂಬ ನನ್ನ ಮಾತು ಸುಳ್ಳಾಗಲಿಲ್ಲ ನೋಡಿ.