ಅವ್ವನ ಬೆರಳಿನ ಕರಿದಾರ

ನಿಜಾಮನ ಕಾಲ. ಹೈದರಾಬಾದಿನಲ್ಲಿ ಡಾಕ್ಟರಿಕೆ ಓದುತ್ತಿದ್ದ ನಾನು ರಜೆಗೆ ಯಲಬುರ್ಗಾದ ಮನೆಗೆ ಬಂದಾಗ ಅವ್ವನ ಬಲಗೈ ತೋರುಬೆರಳಿಗೆ ಉಗುರುಸುತ್ತು ಆಗಿತ್ತು. ಬೆರಳ ತುದಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡಿದ್ದಳು. ಅದು ಇರಲಿ ಎಂದು ಸುಮ್ಮನಾದೆ. ಬೆರಳ ಬುಡಕ್ಕೆ ಬಿಗಿದಿದ್ದ ಕರಿದಾರ ಕಂಡಾಗ ಮಾತ್ರ ತಲೆ ಕೆಟ್ಟಿತು. ಚೇಳು ಕಡಿದರೂ ದಾರ, ಮುಳ್ಳು ನಟ್ಟು ಬಾತರೂ ದಾರ. ವಿಷ ಮೇಲೇರಬಾರದಂತೆ.

ಕತ್ತರಿಸಿ ಎಸೆದೆ. ಸಂಜೆಯ ಹೊತ್ತಿಗೆ ಇನ್ನೊಂದು ಕಟ್ಟಿಕೊಂಡಿದ್ದಳು.

ಬಾಯಿಮಾತು ಸಾಲದೆಂದು ದವಾಖಾನೆಯ ಡಾಕ್ಟರರನ್ನು ಕಾಡಿಬೇಡಿ ಸೂಕ್ಷ್ಮದರ್ಶಕ ತಂದೆ. ಬಾವಿಯ ಕಪ್ಪೆಯೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಅದರ ಕಾಲ್ಬೆರಳ ನಡುವಿನ ತೆಳುಪೊರೆಗೆ ಸೂಜಿ ಚುಚ್ಚಿ, ಸಾಕಷ್ಟು ಹೊತ್ತು ಕಾದು ಅವ್ವನನ್ನು ಕರೆದೆ. ಕೆಂಪು ಕಣಗಳು ರಕ್ತನಾಳದ ನಡುವೆ ಓಡುತ್ತಿದ್ದವು. ಬಿಳಿಯವು ಅಂಚಿಗೆ ಸರಿದು, ಗೋಡೆಗುಂಟ ನಿಧಾನಕ್ಕೆ ಉರುಳಿ, ಗಾಯದ ಹತ್ತಿರ ಅಂಟಿಕೊಂಡು ನಿಲ್ಲುತ್ತಿದ್ದವು.

"ನಮ್ಮನ್ನ ಕಾಯೋವು ಅವs ನೋಡವ್ವಾ. ಗ್ವಾಡಿಗೆ ಹತ್ತಿ ನಿಂತು, ಆಮ್ಯಾಲ ಸಂದ್ಯಾಗ ನುಸುಳಿ ಹೊರಗ ಬಂದು ನಂಜಿನ ಕೂಡ ಬಡದಾಡತಾವ. ರಕ್ತ ಬಂದರ ಅವು ಬರತಾವ. ನೀ ಬರೂ ದಾರೀನs ಕಟ್ಟೀದಿ."

ಅವ್ವ ಒಂದೇ ಕಣ್ಣಿನಿಂದ ಬಹಳ ಹೊತ್ತು ನೋಡಿದಳು. "ಬಿಳೀವು ಭಾಳ ಛಲೋ ಅದಾವ. ಪಾಪ, ಕಪ್ಪಿ ಬಿಟ್ಟುಬಿಡಪಾ ಇನ್ನ," ಎಂದಳು.

ಮರುದಿನ ದಾರ ಇನ್ನೂ ಬಿಗಿಯಾಗಿತ್ತು. ನನ್ನ ಪಾಠವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಊರವರೆದುರು ಡಾಕ್ಟರನಾಗಲು ಹೊರಟವನಿಗೆ ಹೆತ್ತವಳ ಒಂದು ಬೆರಳು ಉಳಿಸಿಕೊಳ್ಳಲು ಆಗುತ್ತಿಲ್ಲವೆಂದು ರೇಗಾಡಿದೆ. ಆಮೇಲೆ ಅವಳು ಬಡಿದುಕೊಟ್ಟ ಬಿಸಿರೊಟ್ಟಿಯನ್ನು ಸಿಟ್ಟಿನಲ್ಲೇ ತಿಂದು ಎದ್ದೆ.

ಬೆರಳ ತುದಿ ಕಪ್ಪಾಯಿತು. ದವಾಖಾನೆಯಲ್ಲಿ ಗೆಣ್ಣಿನ ತನಕ ತೆಗೆಯಬೇಕಾಯಿತು.

ಗಾಯ ಮಾಯ್ದ ಮೇಲೆ ಕೇಳಿದೆ. "ಅಷ್ಟು ತೋರಿಸಿದೆ. ಒಂದೂ ತಿಳೀಲಿಲ್ಲೇನು?"

"ಎಲ್ಲಾ ತಿಳದಿತ್ತು. ದಾರ ಬಿಗದರ ಬೆರಳು ಜೋಮು ಹಿಡೀತಿತ್ತಪಾ, ನೋವು ಗೊತ್ತಾಗತಿರಲಿಲ್ಲ. ಇಲ್ಲಾಂದ್ರ ರೊಟ್ಟಿ ಹ್ಯಾಂಗ ಬಡೀಲಿ? ವರ್ಷಕ್ಕೊಮ್ಮಿ ಬರಾಂವ ನೀ. ಬಿಸಿರೊಟ್ಟಿ ಅಂದ್ರ ಜೀವ ಬಿಡತೀದಿ."

ಅವ್ವನ ಮೇಲಿನ ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಆ ರಜೆಯುದ್ದಕ್ಕೂ ಅಡುಗೆಮನೆಯ ನೆಲುವಿನಲ್ಲಿ ಬುಟ್ಟಿ ತುಂಬ, ಮೊದಲೇ ಬಡಿದಿಟ್ಟ, ತಿಂಗಳಾದರೂ ಕೆಡದ ಖಡಕ್ ರೊಟ್ಟಿ ಇತ್ತು.